ಬಾಗಿಲಿಗೆ ಗೇಟು, ಬಟ್ಟೆಗೆ ಟ್ಯಾಗು: ಸದಸ್ಯರಿಗೂ ಗ್ರಾಹಕರಿಗೂ ಒಂದು ಪತ್ರ

ಪ್ರೀತಿಯ ಸದಸ್ಯರೇ, ಗ್ರಾಹಕರೇ,

ನಮಸ್ಕಾರ. ನಮ್ಮ ಸೊಸೈಟಿ ಅಂಗಡಿಯ ಬಾಗಿಲಲ್ಲಿ ಎರಡೂ ಕಡೆ ನಿಲ್ಲಿಸಿರುವ, ಬಿಚ್ಚದ ಟ್ಯಾಗ್ ದಾಟಿದರೆ ಕೂಗುವ ಬಿಳಿ ಗೇಟನ್ನು, ರೆಡಿಮೇಡ್ ಬಟ್ಟೆಗಳಿಗೆ ಹಾಕಿರುವ ಪ್ಲಾಸ್ಟಿಕ್ ಟ್ಯಾಗನ್ನು ನೀವೆಲ್ಲ ನೋಡಿದ್ದೀರಿ. ಅವನ್ನು ಹಾಕಿದಾಗಿನಿಂದ ಕೌಂಟರಿನಲ್ಲಿ, ಫೋನಿನಲ್ಲಿ, ಮದುವೆ ಮನೆಯಲ್ಲಿ ಸಿಕ್ಕಾಗಲೂ ಒಂದೇ ಮಾತು: "ಏನ್ರೀ, ನಮ್ಮನ್ನೇ ಕಳ್ಳರು ಅಂದುಕೊಂಡ್ರಾ?" ಹಾಗೆ ಕೇಳಿದವರಲ್ಲಿ ಅಪ್ಪನ ಕಾಲದಿಂದ ಇಲ್ಲಿ ಷೇರು ಇರುವವರೂ ಇದ್ದಾರೆ. ನಿಮಗೆ ಬೇಜಾರಾಗಿದ್ದಕ್ಕೆ ಮನಸ್ಸಿನಿಂದ ಕ್ಷಮೆ ಕೇಳುತ್ತೇನೆ. ಆದರೆ ಟ್ಯಾಗ್ ತೆಗೆಯುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುವುದು ನನ್ನ ಕರ್ತವ್ಯ.

ಮೊದಲು ದುಡ್ಡಿನ ವಿಷಯ. "ಟ್ಯಾಗಿನ ಖರ್ಚನ್ನೆಲ್ಲ ಬಟ್ಟೆ ಬೆಲೆಗೆ ಸೇರಿಸಿದ್ದಾರೆ" ಅನ್ನುವ ಮಾತು ಊರಲ್ಲಿ ಓಡಾಡುತ್ತಿದೆ. ಇದು ಸುಳ್ಳು. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿ ದಾಟಿದ ರೆಡಿಮೇಡ್ ಬಟ್ಟೆಗೆ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿತು. ದೊಡ್ಡ ಬೆಲೆಯ ಕೋಟು, ಶೇರ್ವಾನಿ ಜಾಸ್ತಿ ಆಗಿದ್ದು ಅದರಿಂದ. ಅದೇ ದಿನ 1000ದಿಂದ 2500 ರೂಪಾಯಿವರೆಗಿನ ಬಟ್ಟೆಗೆ ಶೇ 12 ಇದ್ದದ್ದು ಶೇ 5ಕ್ಕೆ ಇಳಿಯಿತು. ನಾವು ಅವತ್ತೇ ಬೆಲೆ ಚೀಟಿ ಬದಲಾಯಿಸಿದೆವು. ಏರಿದ್ದಕ್ಕೆ ಬೈಸಿಕೊಂಡಿದ್ದೇವೆ, ಇಳಿಸಿದ್ದನ್ನು ಕೂಡ ಸ್ವಲ್ಪ ನೆನಪಿಟ್ಟುಕೊಳ್ಳಿ ಅಂತ ಕೇಳುವ ಹಕ್ಕು ನಮಗಿದೆ. ಇನ್ನು ಟ್ಯಾಗ್ ಒಂದು ಸಲಕ್ಕೆ ಮುಗಿದು ಹೋಗುವ ಖರ್ಚಲ್ಲ. ನಿಮ್ಮ ಬಟ್ಟೆಯಿಂದ ಬಿಚ್ಚಿದ್ದನ್ನೇ ಮತ್ತೊಂದಕ್ಕೆ ಹಾಕುತ್ತೇವೆ.

ಕಳವಿನ ಲೆಕ್ಕ ಮಾತ್ರ ಹೊರಗಿನವರಿಗೆ ಕಾಣುವುದಿಲ್ಲ. 1000 ರೂಪಾಯಿಯ ಒಂದು ಚೂಡಿದಾರ್ ಸೆಟ್‌ನಲ್ಲಿ ನಮಗೆ 100 ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಸೆಟ್ ಹೋಯಿತು ಅಂದರೆ ನಾವು ಹಾಕಿದ 900 ವಾಪಸ್ ಬರಲು ಇನ್ನೂ ಒಂಬತ್ತು ಸೆಟ್ ಮಾರಬೇಕು. ಇಷ್ಟಕ್ಕೇ ಮುಗಿಯುವುದಿಲ್ಲ. ಮಾಲು ತರುವಾಗ ಕಟ್ಟಿದ ತೆರಿಗೆಯನ್ನು ಮುಂದೆ ಸರ್ಕಾರಕ್ಕೆ ಕಟ್ಟುವ ತೆರಿಗೆಯಲ್ಲಿ ನಾವು ವಜಾ ಮಾಡಿಕೊಳ್ಳಬಹುದು. ಆದರೆ ಕಳವಾದ ಮಾಲಿಗೆ ಆ ಅವಕಾಶ ಇಲ್ಲ. ಜಿಎಸ್‌ಟಿ ಕಾಯ್ದೆಯ 17(5) ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿ ಇದೆ. ವಜಾ ಮಾಡಿಕೊಂಡಿದ್ದರೆ ತಿರುಗಿ ಕಟ್ಟಬೇಕು. ಮಾಲೂ ಹೋಯ್ತು, ತೆರಿಗೆಯೂ ಹೋಯ್ತು.

ಈ ಪೆಟ್ಟು ಕೊನೆಗೆ ಬೀಳುವುದು ನಿಮ್ಮ ಡಿವಿಡೆಂಡಿಗೆ. ಸರ್ವಸದಸ್ಯರ ಸಭೆಯಲ್ಲಿ "ಸ್ಟಾಕ್ ಯಾಕೆ ಕಡಿಮೆ ಬಂತು" ಅಂತ ಎದ್ದು ನಿಂತು ಕೇಳಿದವರೂ ನೀವೇ. ಎಷ್ಟೋ ಅಂಗಡಿಗಳಲ್ಲಿ ಕೊರತೆ ಬಿದ್ದ ದುಡ್ಡನ್ನು ಸೇಲ್ಸ್ ಹುಡುಗಿಯರ ಸಂಬಳದಲ್ಲಿ ಹಿಡಿಯುತ್ತಾರೆ. ನಾವು ಒಂದು ರೂಪಾಯಿ ಹಿಡಿದಿಲ್ಲ, ಹಿಡಿಯುವುದೂ ಇಲ್ಲ. ಆಡಳಿತ ಮಂಡಳಿ ಇದರಲ್ಲಿ ಗಟ್ಟಿಯಾಗಿ ನಿಂತಿದೆ. ಅದು ನಮ್ಮ ಹೆಮ್ಮೆ.

ಈಗ ಕಳ್ಳರು ಅಂದುಕೊಂಡ್ರಾ ಅನ್ನುವ ಮಾತಿಗೆ ಬರುತ್ತೇನೆ. ಮೊದಲು ಬಾಗಿಲಲ್ಲೇ "ಬ್ಯಾಗ್ ಇಲ್ಲಿಡಿ" ಅಂತ ಹೇಳಿ ಟೋಕನ್ ಕೊಡುತ್ತಿದ್ದೆವು. ಹಬ್ಬದ ರಶ್‌ನಲ್ಲಿ ನಮ್ಮ ಸಿಬ್ಬಂದಿ ಒಬ್ಬರು ನಿಮ್ಮ ಹಿಂದೆ ಮುಂದೆ ಓಡಾಡುತ್ತಿದ್ದರು. ಸೈಜ್ ಹುಡುಕಿ ಕೊಡಲಿಕ್ಕೆ ಅಂತ ನಿಂತಿದ್ದರೂ ಕಣ್ಣು ನಿಮ್ಮ ಕೈ ಮೇಲೆ ಇರುತ್ತಿತ್ತು. ಆ ಕಣ್ಣು ಎಲ್ಲರ ಮೇಲೂ ಒಂದೇ ಥರ ಬೀಳುವುದಿಲ್ಲ, ಅಲ್ವಾ? ಕಾರಿನಿಂದ ಇಳಿದವರನ್ನು ಅದು ಬಿಟ್ಟುಬಿಡುತ್ತದೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಚೀಲ ಹಿಡಿದು ನಿಂತ ಅಮ್ಮನ ಹಿಂದೆ, ಕಾಲೇಜು ಹುಡುಗರ ಹಿಂದೆ ಹೋಗುತ್ತದೆ. ಅನುಮಾನ ಅಂದರೆ ಅದು. ಗೇಟಿಗೆ ನೀವು ಯಾರು, ಏನು ಉಟ್ಟಿದ್ದೀರಿ ಅನ್ನುವುದೇ ಗೊತ್ತಿಲ್ಲ. ಬಿಚ್ಚದ ಟ್ಯಾಗ್ ದಾಟಿತಾ ಇಲ್ವಾ, ಅಷ್ಟೇ ಅದರ ಕೆಲಸ. ನಮ್ಮ ಅಧ್ಯಕ್ಷರು ದಾಟಿದರೂ ಕೂಗುತ್ತದೆ. ಅದಕ್ಕೇ ಟೋಕನ್ ನಿಲ್ಲಿಸಿದ್ದೇವೆ. ನಿಮ್ಮ ಬ್ಯಾಗ್ ನಿಮ್ಮ ಹೆಗಲಲ್ಲೇ ಇರಲಿ. ಯಾರೂ ಹಿಂದೆ ಬರುವುದಿಲ್ಲ, ಬೇಕಾದಾಗ ಕರೆಯಿರಿ, ಬರುತ್ತಾರೆ.

ಟ್ಯಾಗ್ ಮನೆವರೆಗೂ ನಿಮ್ಮನ್ನು ಹಿಂಬಾಲಿಸುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆಯಂತೆ. ನಮ್ಮ ಟ್ಯಾಗಿನೊಳಗೆ ಇರುವುದು ಒಂದು ತಂತಿಯ ಸುರುಳಿ, ಒಂದು ಪುಟ್ಟ ಕೆಪಾಸಿಟರ್. ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಗೇಟು ಸುಮಾರು 8.2 ಮೆಗಾಹರ್ಟ್ಸ್‌ನ ರೇಡಿಯೊ ಅಲೆ ಬಿಡುತ್ತದೆ. ಟ್ಯಾಗ್ ಅದೇ ಅಲೆಗೆ ಟ್ಯೂನ್ ಆಗಿರುವುದರಿಂದ ಹತ್ತಿರ ಬಂದಾಗ ಮಾತ್ರ ಸಣ್ಣಗೆ ಸ್ಪಂದಿಸುತ್ತದೆ. ಗೇಟು ಅದನ್ನು ಹಿಡಿದು ಕೂಗುತ್ತದೆ. ರಸ್ತೆಗೆ ಇಳಿದ ಮೇಲೆ ಅದು ಬರೀ ಪ್ಲಾಸ್ಟಿಕ್. ಕಾರಿನ ಫಾಸ್ಟ್ಯಾಗ್‌ನಲ್ಲಾದರೂ ಗಾಡಿಗೊಂದು ನಂಬರ್ ಇರುತ್ತದೆ. ಇದರಲ್ಲಿ ಅದೂ ಇಲ್ಲ. ಅಂಗಡಿಯ ಎಲ್ಲ ಟ್ಯಾಗೂ ಗೇಟಿಗೆ ಒಂದೇ.

ರೇಷ್ಮೆ ಸೀರೆಗೆ ಪಿನ್ ಚುಚ್ಚಿದ್ದೀರಾ ಅಂತ ಗಾಬರಿಯಿಂದ ಕೇಳಿದ ಅಕ್ಕಂದಿರಿಗೆ: ಇಲ್ಲ. ಇಳಕಲ್ ಆಗಲಿ, ಮೊಳಕಾಲ್ಮೂರು ಆಗಲಿ, ಅವು ಗಾಜಿನ ಬೀರುವಿನಲ್ಲೇ ಇವೆ. ಎಂದಿನಂತೆ ಗಾದಿ ಮೇಲೆ ಕೂತು ಬಿಡಿಸಿ ನೋಡಿ. ರೆಡಿಮೇಡ್‌ಗೆ ಪಕ್ಕದ ಹೊಲಿಗೆಯ ಸಂದಿನಲ್ಲಿ ಮಾತ್ರ ಪಿನ್ ಹೋಗುತ್ತದೆ. ಟ್ಯಾಗಿನ ಒಳಗೆ ಸಣ್ಣ ಉಕ್ಕಿನ ಗುಂಡುಗಳು ಆ ಪಿನ್ನನ್ನು ಬಿಗಿಯಾಗಿ ಹಿಡಿದಿರುತ್ತವೆ. ಕೌಂಟರಿನ ದೊಡ್ಡ ಅಯಸ್ಕಾಂತದ ಮೇಲೆ ಇಟ್ಟರೆ ಗುಂಡುಗಳು ಸರಿದು ಟಕ್ ಅಂತ ಬಿಡುತ್ತದೆ. ಅಕಸ್ಮಾತ್ ಟ್ಯಾಗ್ ಸಮೇತ ಮನೆಗೆ ಹೋದರೆ ಇಕ್ಕಳ ಹಾಕಿ ಎಳೆಯಬೇಡಿ, ಬಟ್ಟೆ ಹರಿಯುತ್ತದೆ. ಫೋನ್ ಮಾಡಿ. ಊರೊಳಗಾದರೆ ನಮ್ಮ ಹುಡುಗ ಬಂದು ತೆಗೆದುಕೊಂಡು ಹೋಗಿ, ಬಿಚ್ಚಿಸಿ, ವಾಪಸ್ ತಂದು ಕೊಡುತ್ತಾನೆ.

ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಗೇಟಿನ ನಡುವೆ ನಿಲ್ಲಬೇಡಿ, ಅದಕ್ಕೆ ಒರಗಬೇಡಿ. ಮಾಮೂಲಿಯಾಗಿ ನಡೆದು ದಾಟಿ, ಡಾಕ್ಟರುಗಳು ಹೇಳುವುದೂ ಇದನ್ನೇ. ನೀವು ಆಟೋ ಕಾಯುತ್ತಾ ಕೂರುತ್ತಿದ್ದ ಬೆಂಚನ್ನು ಬಾಗಿಲಿಂದ ಒಳಗೆ, ಫ್ಯಾನಿನ ಕೆಳಗೆ ಹಾಕಿರುವುದು ಈ ಕಾರಣಕ್ಕೆ.

ಗೇಟು ಸುಮ್ಸುಮ್ನೆ ಕೂಗುವುದೂ ಉಂಟು. ಬೇರೆ ಅಂಗಡಿಯಲ್ಲಿ ಕೊಂಡ ಸಾಮಾನಿನ ಮೇಲೆ ಇಂಥದ್ದೇ ಕಳವು ತಡೆಯುವ ಸ್ಟಿಕರ್ ಇನ್ನೂ ಜೀವಂತ ಇದ್ದರೆ ಇಲ್ಲಿ ಕೂಗಬಹುದು. ಆಗ ನಮ್ಮವರು ನಿಮ್ಮ ಬ್ಯಾಗಿಗೆ ಕೈ ಹಾಕುವಂತಿಲ್ಲ, ದನಿ ಎತ್ತುವಂತಿಲ್ಲ. ಕೌಂಟರಿಗೆ ಕರೆದು, ಬಿಲ್ ನೋಡಿ, ಟ್ಯಾಗ್ ಉಳಿದಿದ್ದರೆ ಬಿಚ್ಚಿ ಕಳಿಸಬೇಕು. ಎಲ್ಲರಿಗೂ ಇದನ್ನು ಬರೆದೇ ಕೊಟ್ಟಿದ್ದೇನೆ. ಯಾರಾದರೂ ಮರ್ಯಾದೆ ಮೀರಿದರೆ ಅಲ್ಲೇ ಜಗಳ ಬೇಡ, ನೇರವಾಗಿ ನನ್ನ ಟೇಬಲ್ಲಿಗೆ ಬನ್ನಿ. ಬಿಲ್ಲಿಂಗ್ ಕೌಂಟರಿನ ಎಡಕ್ಕೆ, ಊಟದ ಹೊತ್ತು ಬಿಟ್ಟು ದಿನವಿಡೀ ಅಲ್ಲೇ ಇರುತ್ತೇನೆ.

ನಿಮ್ಮ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)