ಕೇಪಳದ ಎಲೆ ಹಳದಿಯಾದರೆ ಮೊದಲು ಸುಣ್ಣ ಹುಡುಕಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಹೂದೋಟದ ಬಗ್ಗೆ ಬಂದ ಬರಹ ಓದಿದೆ. ಅಂಗಳದ ಗಿಡಗಳಿಗೂ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದು ಖುಷಿಯ ಸಂಗತಿ. ಆದರೆ ಗುಡ್ಡೆಗಳಲ್ಲಿ ಕೆಂಪು ಗೊಂಚಲು ಹೂ ಬಿಡುವ ಕೇಪಳದ (ಇಕ್ಸೋರ) ಬಗ್ಗೆ ಅದರಲ್ಲಿದ್ದ ಒಂದು ಸಲಹೆಯನ್ನು ನೋಡಿ ಸುಮ್ನೆ ಇರಲಾಗಲಿಲ್ಲ. ಎಲೆ ಹಳದಿಯಾದರೆ ಯೂರಿಯಾ ಹಾಕಿ, ಮೊಟ್ಟೆ ಚಿಪ್ಪು ಪುಡಿ ಮಾಡಿ ಬುಡಕ್ಕೆ ಸೇರಿಸಿ ಅಂತ ಬರೆದಿದ್ದಾರೆ. ಮೊಟ್ಟೆ ಚಿಪ್ಪು ಅಂದರೆ ಸುಣ್ಣವೇ ಅಲ್ವಾ? ಕೇಪಳಕ್ಕೆ ಆಗದೇ ಇರುವುದೇ ಅದು. ದಯವಿಟ್ಟು ಈ ಸಲಹೆಯನ್ನು ತಿದ್ದಿ ಪ್ರಕಟಿಸಬೇಕು.

ನಾನು ಕಾಸರಗೋಡಿನ ನೀರ್ಚಾಲು ಕಡೆಯವಳು. ನಮ್ಮದು ಅಡಿಕೆ ತೋಟದ ಮನೆ. ಅಂಗಳದ ಕೆಳಗಿನ ಬೇಲಿಯುದ್ದಕ್ಕೂ ಕೇಪಳ ಇದೆ. ಅತ್ತೆಯವರು ಗುಡ್ಡೆಯಿಂದ ಗೆಲ್ಲು ತಂದು ನೆಟ್ಟದ್ದು. ದೇವರ ಪೂಜೆಗೂ ಅದೇ ಹೂ, ಬೇಸಗೆಯಲ್ಲಿ ತಂಬುಳಿಗೂ ಅದೇ ಹೂ. ಹೂವನ್ನು ಜೀರಿಗೆ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ಆಯಿತು. ಹೊಟ್ಟೆ ಕೆಟ್ಟವರಿಗೆ ಅತ್ತೆಯವರು ಅನ್ನದ ಜೊತೆ ಬೇರೇನೂ ಬಡಿಸುತ್ತಿರಲಿಲ್ಲ.

ಹಳದಿಯಾದ ಎಲೆಯನ್ನು ಮೊದಲು ಸರಿಯಾಗಿ ನೋಡಬೇಕು. ಕೆಳಗಿನ ಹಳೆ ಎಲೆಗಳು ಇಡಿಯಾಗಿ ಹಳದಿಯಾಗಿದ್ದರೆ ಗಿಡಕ್ಕೆ ಸಾರಜನಕ ಸಾಲದು ಅಂತ ತಿಳಿಯಬಹುದು. ಅದಕ್ಕೆ ಒಂದು ಬುಟ್ಟಿ ಹಟ್ಟಿಗೊಬ್ಬರ ಸಾಕು. ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಥೆಯೇ ಬೇರೆ. ಅದು ಕಬ್ಬಿಣ ಸಿಗದ ಗಿಡ. ಕೆಂಪುಕಲ್ಲಿನ ಈ ಊರಿನಲ್ಲಿ ಕಬ್ಬಿಣಕ್ಕೆ ಬರವೇ ಅಂತ ನೀವು ಕೇಳಬಹುದು. ಬರ ಇಲ್ಲ. ನಮ್ಮ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಆದರೆ ಮಣ್ಣು ಹುಳಿಯಾಗಿದ್ದರೆ (ಆಮ್ಲೀಯ) ಮಾತ್ರ ಬೇರು ಅದನ್ನು ಹೀರಿಕೊಳ್ಳಬಲ್ಲದು. ಜೋರು ಮಳೆ ಬೀಳುವ ನಮ್ಮ ಗುಡ್ಡೆಗಳ ಮಣ್ಣು ತಾನಾಗಿಯೇ ಹುಳಿ. ಅದಕ್ಕೇ ಪಾರೆಯ (ಕಲ್ಲುಹಾಸಿನ) ಬಿರುಕಿನಲ್ಲಿ ಯಾರೂ ನೀರು ಹಾಕದೆ ಕೇಪಳ ಬೆಳೆದು ಹೂ ಬಿಡುತ್ತದೆ. ಅದೇ ಗಿಡ ಮನೆಯ ಅಂಗಳದಲ್ಲಿ ಸೊರಗುತ್ತದೆ, ಯಾಕೆಂದರೆ ಸುಣ್ಣ ಬಿದ್ದು ಅಲ್ಲಿನ ಮಣ್ಣಿನ ಹುಳಿ ಕಳೆದುಹೋಗಿರುತ್ತದೆ.

ಅಂಗಳಕ್ಕೆ ಸುಣ್ಣ ಎಲ್ಲಿಂದ ಬಂತು? ಸುತ್ತ ಕಣ್ಣು ಹಾಯಿಸಿ ನೋಡಿ. ಹೊಸ ಕಂಪೌಂಡು ಗೋಡೆಗೆ ಸಿಮೆಂಟ್ ಸಾರಣೆ ಮಾಡಿದ್ದರೆ, ಅದರ ಮೇಲಿಂದ ಇಳಿಯುವ ಮಳೆನೀರು ಸುಣ್ಣದ ಅಂಶವನ್ನು ಬುಡಕ್ಕೆ ಇಳಿಸುತ್ತದೆ. ಗೋಡೆಗೆ ಒತ್ತಿ ನೆಟ್ಟ ಸಾಲೇ ಮೊದಲು ಹಳದಿಯಾಗುವುದು ಇದರಿಂದ. ಮನೆ ಕಟ್ಟಿದಾಗ ಉಳಿದ ಗಾರೆಯನ್ನು ಅಲ್ಲೇ ಹೂತು, ಮೇಲೆ ಮಣ್ಣು ಎಳೆದಿರುತ್ತಾರೆ. ಬಚ್ಚಲು ಒಲೆಯ ಬೂದಿಯನ್ನು ಗಿಡಕ್ಕೆ ಒಳ್ಳೆಯದು ಅಂತ ದಿನಾ ಸುರಿಯುವವರೂ ಇದ್ದಾರೆ. ಬೂದಿ ತೆಂಗಿಗೆ ಇರಲಿ, ಕೇಪಳಕ್ಕೆ ಬೇಡ.

ನಮ್ಮ ಊರುಗಳಲ್ಲಿ ಇನ್ನೊಂದು ಕಾರಣ ಇದೆ. ಬೇರೆ ಊರಿನವರ ತೋಟಗಾರಿಕೆ ಬರಹಗಳಲ್ಲಿ ಇದು ಬರುವುದಿಲ್ಲ. ಕೊಳೆರೋಗಕ್ಕೆ ನಾವು ಅಡಿಕೆಗೆ ಬೋರ್ಡೋ ಮದ್ದು ಬಿಡುತ್ತೇವೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಸುಣ್ಣ ಸೋಸಿದ ಮೇಲೆ ಗಸಿ ಉಳಿಯುತ್ತದೆ. ಡ್ರಮ್ ತೊಳೆದ ನೀರೂ ಇರುತ್ತದೆ. ಕೆಲಸದ ಗಡಿಬಿಡಿಯಲ್ಲಿ ಅದನ್ನೆಲ್ಲ ಎಲ್ಲಿ ಚೆಲ್ಲುತ್ತಾರೆ? ಹತ್ತಿರದ ಬೇಲಿಯ ಬುಡಕ್ಕೆ. ಮಳೆಗಾಲದಲ್ಲಿ ಮದ್ದು ಬಿಟ್ಟಷ್ಟು ಸಲವೂ ಹೀಗೇ. ಮದ್ದು ಕಲಸುವ ಜಾಗವನ್ನು ಬೇಲಿಯಿಂದ ದೂರ ಇಟ್ಟುಕೊಳ್ಳಿ ಅಂತ ತೋಟ ಇರುವ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಬಾವಿಗೂ ಅದು ಒಳ್ಳೆಯದು.

ಹಳದಿಯಾದ ಗಿಡವನ್ನು ಕಿತ್ತು ಬಿಸಾಡಬೇಡಿ. ಬುಡದ ಗಾರೆ, ಗಸಿ ಇರುವ ಮಣ್ಣನ್ನು ಕೆರೆದು ತೆಗೆಯಿರಿ. ಗುಡ್ಡೆಯ ಕೆಂಪುಮಣ್ಣು, ಹಳೆ ಹಟ್ಟಿಗೊಬ್ಬರ ಹಾಕಿ, ಮೇಲೆ ತರಗೆಲೆ ದಪ್ಪಗೆ ಹೊದೆಸಿ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಫೆರಸ್ ಸಲ್ಫೇಟನ್ನು ತೆಳ್ಳಗೆ ಕರಗಿಸಿ ಎಲೆಗೆ ಸಿಂಪಡಿಸಿದರೆ ಬೇಗ ಹಸಿರು ಮರಳುತ್ತದೆ. ಆದರೆ ಸುಣ್ಣ ಬೀಳುವುದು ನಿಲ್ಲದಿದ್ದರೆ ಆ ಹಸಿರು ನಿಲ್ಲುವುದಿಲ್ಲ.

ಹೂ ಬಿಡುವುದಿಲ್ಲ ಅನ್ನುವವರಿಗೂ ಒಂದು ಮಾತು. ಕೇಪಳದ ಗೊಂಚಲು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಬೇಲಿ ಚಂದ ಕಾಣಲಿ ಅಂತ ತಿಂಗಳು ತಿಂಗಳು ಮೆಷಿನ್ನಿನಲ್ಲಿ ಪೆಟ್ಟಿಗೆಯ ಹಾಗೆ ಕತ್ತರಿಸಿದರೆ ಮೊಗ್ಗೆಲ್ಲ ನೆಲಕ್ಕೆ ಬೀಳುತ್ತದೆ. ಹೂವಿನ ಭರ ಮುಗಿದ ಮೇಲೆ ಒಂದು ಸಲ ಸವರಿದರೆ ಸಾಕು. ಬಿಸಿಲು ಬೇಕು, ಮರದ ದಟ್ಟ ನೆರಳಿನಲ್ಲಿ ಎಲೆ ಮಾತ್ರ ಜಾಸ್ತಿ. ಹಿಟ್ಟುತಿಗಣೆ ಹತ್ತಿದರೆ ಸಾಬೂನು ನೀರಿಗೆ ಬೇವಿನೆಣ್ಣೆ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಈಗ ನನ್ನ ದೊಡ್ಡ ಚಿಂತೆ. ಗುಡ್ಡೆಗಳೇ ಕರಗುತ್ತಿವೆ. ಒಂದು ಕಡೆ ಕಲ್ಲುಕೋರೆ. ಇನ್ನೊಂದು ಕಡೆ ರಸ್ತೆಗೆ, ಮನೆಗೆ ಮಣ್ಣು ತೆಗೆಯುವ ಜೆಸಿಬಿ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಯಿತು. ಅದು ಬೇಕಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬದಿಯ ಗುಡ್ಡೆ ಹೋದಾಗ ಅದರ ಕೇಪಳವೂ ಹೋಯಿತು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದವರು ನರ್ಸರಿಯಿಂದ ಸಣ್ಣ ಎಲೆಯ ಗಿಡ್ಡ ಜಾತಿ ತರುತ್ತಾರೆ. ಅದರ ಹಳದಿ, ಗುಲಾಬಿ ಬಣ್ಣ ನೋಡಲು ಚಂದವೇ. ಆದರೆ ನಮಗೆ ಪೂಜೆಗೆ, ತಂಬುಳಿಗೆ ಬೇಕಾದದ್ದು ಗುಡ್ಡೆಯ ಕೆಂಪು ಕೇಪಳ. ಚಂದ್ರಗಿರಿ ಹೊಳೆಯ ತೆಂಕು ಬದಿಯಲ್ಲಿ ತೆಯ್ಯಂ (ನಮ್ಮ ಭೂತಕೋಲದಂಥದ್ದು) ಕಟ್ಟುವವರಿಗೂ ಇದೇ ಹೂ ಬೇಕು. ಅವರಿಗೆ ಅದು ಚೆಕ್ಕಿ. ಹೂವಿನ ಕೊಳವೆ ಉದ್ದ ಮತ್ತು ಸಪೂರ, ಉದ್ದ ನಾಲಿಗೆಯ ದೊಡ್ಡ ಪಾತರಗಿತ್ತಿಗಳು ಜೇನು ಹೀರಲು ಬರುತ್ತವೆ. ಹಣ್ಣಿಗೆ ಪಿಕಳಾರ ಹಕ್ಕಿ ಬರುತ್ತದೆ, ಶಾಲೆ ಬಿಟ್ಟ ಮಕ್ಕಳೂ ಬರುತ್ತಾರೆ.

ಗುಡ್ಡೆಯ ಗಿಡವನ್ನು ಬೇರುಸಹಿತ ಅಗೆದು ತಂದರೆ ಹೆಚ್ಚಾಗಿ ಬದುಕುವುದಿಲ್ಲ, ಬೇರು ಕಲ್ಲಿನೊಳಗೆ ಇಳಿದಿರುತ್ತದೆ. ಗೆಲ್ಲು ತನ್ನಿ. ಪೆನ್ಸಿಲ್ ದಪ್ಪದ, ತೀರಾ ಎಳತೂ ಅಲ್ಲದ, ಬಲಿತೂ ಹೋಗದ ಗೇಣುದ್ದದ ಕಡ್ಡಿ. ಕೆಳಗಿನ ಎಲೆ ಕಿತ್ತು, ಮೇಲಿನವನ್ನು ಅರ್ಧ ಕತ್ತರಿಸಿ, ಮರಳು ಬೆರೆಸಿದ ಕೆಂಪುಮಣ್ಣಿನಲ್ಲಿ ಊರಿ ನೆರಳಲ್ಲಿಡಿ. ಆಟಿಯ (ಜುಲೈ-ಆಗಸ್ಟ್) ಮಳೆ ಇದಕ್ಕೆ ಒಳ್ಳೆಯ ಹೊತ್ತು. ಬೇರು ಬರಲು ಒಂದೂವರೆ ಎರಡು ತಿಂಗಳು ಬೇಕು, ನಡುವೆ ಎಳೆದು ನೋಡಬೇಡಿ.

ಕೃಷಿಭವನಗಳಲ್ಲಿ ನನ್ನ ವಿನಂತಿ ಇಷ್ಟೇ. ಜೂನ್ 5ರ ಪರಿಸರ ದಿನಕ್ಕೆ ಹಂಚುವ ಗಿಡಗಳಲ್ಲಿ ಕೇಪಳವೂ ಇರಲಿ. ಮಳೆಗಾಲದಲ್ಲಿ ದಾರಿಬದಿ ಕಾಡು ಸವರುವ ಉದ್ಯೋಗಖಾತರಿಯ ಅಕ್ಕಂದಿರಿಗೆ, ಕೇಪಳದ ಬುಡ ಉಳಿಸಿ ಅಂತ ಪಂಚಾಯತಿನವರು ಒಂದು ಮಾತು ಹೇಳಲಿ. ನಮ್ಮ ಹತ್ತಿರದ ಶಾಲೆಯವರು ಗೇಟಿನ ಎರಡೂ ಬದಿ ನೆಡಲು ಒಪ್ಪಿದ್ದಾರೆ. ಅವರಿಗೆ ಬೇಕಾದ ಕಡ್ಡಿ ನಮ್ಮ ಬೇಲಿಯಿಂದ ಕೊಡುತ್ತೇನೆ.

– ಓರ್ವ ಗೃಹಿಣಿ, ನೀರ್ಚಾಲು, ಕಾಸರಗೋಡು