ನಮ್ಮ ಪಾಯಕ್ಕೆ ಬೇರೆ ಎಸ್ಟಿಮೇಟ್ ಮಾಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಉತ್ತರ ಕನ್ನಡದ ಗಂಗಾವಳಿ ಹೊಳೆ ದಂಡೆಯವನು. ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸೀಲು ಬಿದ್ದಿದೆ, ಉತ್ತರ ಬಂದಿಲ್ಲ. ಅದಕ್ಕೇ ಈಗ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ನೆರೆ ಬರುವ ಹೊಳೆ ದಂಡೆಯ ಮನೆಗಳಿಗೆ ಪಾಯದ ಎಸ್ಟಿಮೇಟ್ ಬೇರೆ ಮಾಡಿಸಿ.

2019ರ ಆಗಸ್ಟ್ ನೆರೆಯಲ್ಲಿ ಅಪ್ಪ ಕಟ್ಟಿಸಿದ ಮನೆ ಹೋಯಿತು. ನೀರು ಇದ್ದಾಗ ಗೋಡೆ ನಿಂತೇ ಇತ್ತು, ನೀರು ಇಳಿದ ಮೇಲೆ ಕೂತುಬಿಟ್ಟಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಅಂತ ಹೇಳಿತು. ಆ ಉಪಕಾರ ಮರೆತಿಲ್ಲ. ಹಣ ಕಂತಿನಲ್ಲಿ. ಪಾಯ ಮುಗಿದ ಫೋಟೋ ಹೋದರೆ ಒಂದು ಕಂತು.

ಪಾಯ ತೋಡುವ ದಿನ ಊರಿನ ಹಿರಿಯ ಗೌಂಡಿ ಹೇಳಿದರು, "ತಮಾ, ಚಿರೆಕಲ್ಲು ನೀರು ಕುಡೀತದೆ. ಗೋಡೆಗೆ ಹಾಕು, ಪಾಯಕ್ಕೆ ಬೇಡ." ನಿಜವೇ. ಬೇಸಿಗೆಯಲ್ಲಿ ಸಮುದ್ರದ ಭರತದ ಜೊತೆ ಉಪ್ಪುನೀರು ನಮ್ಮ ಹಿತ್ತಲವರೆಗೆ ಬರುತ್ತದೆ. ಚಿರೆಕಲ್ಲು ಅಂದರೆ ತೂತು ತೂತಿನ ಕೆಂಪು ಜಂಬಿಟ್ಟಿಗೆ ಕಲ್ಲು, ಅದು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆರುತ್ತದೆ, ಉಪ್ಪು ಒಳಗೇ ಉಳಿದು ಗಾರೆ ಉದುರಿಸುತ್ತದೆ. ಹಾಗಾಗಿ ಕರಿಕಲ್ಲು ಹಾಕಿಸಿದೆ, ನೆಲದಿಂದ ಮೇಲೆ ನಾಲ್ಕೂವರೆ ಅಡಿ. ಮೇಲೆ ಪ್ಲಿಂತ್ ಬೀಮು, ಅಂದರೆ ಪಾಯದ ಸುತ್ತ ಕಾಂಕ್ರೀಟ್ ಪಟ್ಟಿ, ಅದರ ಮೇಲೆ ಎರಡು ಕೋಟ್ ಡಾಂಬರು. ಕರಾವಳಿ ಗಾಳಿ ತಾಗುವ ಆರ್‌ಸಿಸಿಗೆ, ಅಂದರೆ ಸರಳು ಹಾಕಿದ ಕಾಂಕ್ರೀಟಿಗೆ, ಕನಿಷ್ಠ ಎಂ30 ದರ್ಜೆಯ ಗಟ್ಟಿತನ, ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆ ಬೇಕು ಅಂತ ಕಾಂಕ್ರೀಟ್ ಕೆಲಸದ ರಾಷ್ಟ್ರೀಯ ಮಾನದಂಡ ಐಎಸ್ 456ರಲ್ಲಿ ಇದೆ. ನಿಮಗೆ ಗೊತ್ತಿರುವುದೇ. ಎಸ್ಟಿಮೇಟ್ ಬರೆದವರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅದರಲ್ಲಿ ಇದ್ದದ್ದು ಎರಡಡಿ ಪಾಯ. ಉಳಿದ ಖರ್ಚಿಗೆ ಹೆಂಡತಿಯ ಸರ ಅಡವಿಗೆ ಹೋಯಿತು, ಇನ್ನೂ ವಾಪಸ್ ಬಂದಿಲ್ಲ.

ಈಗ ಫೋಟೋದ ಕಥೆ ಕೇಳಿ. ಅಳತೆಗೆ ಬಂದವರು ಪಾಯ ನೋಡಿ, "ಇದು ಪಾಯ ಅಲ್ಲ, ಗೋಡೆ. ಎಸ್ಟಿಮೇಟ್‌ನಲ್ಲಿ ಎರಡಡಿ ಇದೆ, ಇದನ್ನು ಅಪ್‌ಲೋಡ್ ಮಾಡಿದರೆ ರಿಜೆಕ್ಟ್ ಆಗುತ್ತದೆ" ಅಂದರು. ನೆರೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ತೆಂಗಿನ ಮರದ ಮೇಲಿನ ಕೆಸರಿನ ಗೆರೆ ತೋರಿಸಿದೆ. ಗೆರೆ ನೋಡಿದರು, ತಲೆ ಆಡಿಸಿದರು. ಆಮೇಲೆ ಅವರೇ ದಾರಿ ಹೇಳಿಕೊಟ್ಟರು. ಪಾಯದ ಬುಡಕ್ಕೆ ಎರಡೂವರೆ ಅಡಿ ಮಣ್ಣು ಏರಿಸಿ, ಮೇಲಿನ ಎರಡಡಿ ಮಾತ್ರ ಕಾಣಲಿ! ಫೋಟೋದಲ್ಲಿ ಬೀಳುವ ಬದಿಗೆ ಮಾತ್ರ ಸಾಕು ಅಂತ ರಿಯಾಯಿತಿಯನ್ನೂ ಕೊಟ್ಟರು. ನಾನು, ಹೆಂಡತಿ, ಶಾಲೆಗೆ ರಜೆ ಹಾಕಿದ ಮಗಳು, ಮೂರು ದಿನ ಬುಟ್ಟಿಯಲ್ಲಿ ಮಣ್ಣು ಹೊತ್ತೆವು. ಫೋಟೋ ಆಯಿತು. ಮತ್ತೆ ಎರಡು ದಿನ ಅದೇ ಮಣ್ಣು ತೆಗೆದೆವು. ಸರ್ಕಾರದ ಕಡತದಲ್ಲಿ ಇವತ್ತಿಗೂ ನನ್ನ ಪಾಯ ಎರಡೇ ಅಡಿ.

2021ರ ಜುಲೈಯಲ್ಲಿ ಹೊಳೆ ಮತ್ತೆ ಏರಿತು. ನಮ್ಮ ಮನೆಯ ಕೊನೇ ಮೆಟ್ಟಿಲಿನ ಕೆಳಗೆ ನಿಂತಿತು. ಪಕ್ಕದ ಅಕ್ಕ ಎಸ್ಟಿಮೇಟ್ ಹೇಳಿದ ಹಾಗೇ ಕಟ್ಟಿಸಿದ್ದರು, ಚಿರೆಕಲ್ಲು, ಎರಡಡಿ, ಒಂದಿಂಚೂ ಜಾಸ್ತಿ ಇಲ್ಲ. ಅವರ ಅಕ್ಕಿ ಡ್ರಮ್ಮು ಒಳಗೇ ತೇಲುತ್ತಿತ್ತು. ಈಗಲೂ ಅವರ ಗೋಡೆ ಮೊಣಕಾಲೆತ್ತರಕ್ಕೆ ಬೆಳ್ಳಗೆ ಉಪ್ಪು ಬಿಟ್ಟಿದೆ. ಪ್ರತಿ ವರ್ಷ ಬಣ್ಣ ಹೊಡೆಯುತ್ತಾರೆ, ಪ್ರತಿ ವರ್ಷ ಏಳುತ್ತದೆ. ನಿಯಮ ಪಾಲಿಸಿದ್ದಕ್ಕೆ ಬಹುಮಾನ, ಅಲ್ವಾ?

ಹೋದ ವಾರ ನನ್ನ ತಮ್ಮನ ಮನೆಗೆ ಮಂಜೂರಾತಿ ಬಂತು. ಖುಷಿಯಿಂದ ಕಾಗದ ತೆರೆದೆವು. ಅದೇ ಚಿರೆಕಲ್ಲು, ಅದೇ ಎರಡಡಿ. ಬಯಲುಸೀಮೆಯ ಒಣನೆಲಕ್ಕೂ ನಮ್ಮ ಹೊಳೆ ದಂಡೆಗೂ ಒಂದೇ ನಕ್ಷೆ. ಹೊಳೆಗೂ ಒಂದು ನಕಲು ಕಳಿಸಿದ್ದೀರಾ?

ಸಾಹೇಬರೇ, ಹೆಚ್ಚೇನೂ ಬೇಡ. ಪಾಯಕ್ಕೆ ಬೇರೆ ಎಸ್ಟಿಮೇಟ್ ಮಾಡಿಸಿ. ನೆಲದ ಕೆಳಗೆ ಕರಿಕಲ್ಲು, ಉಪ್ಪು ತಡೆಯುವ ಸ್ಲ್ಯಾಗ್ ಸಿಮೆಂಟು, ಗೋಡೆಗೆ ತೇವ ಏರದ ಹಾಗೆ ನಡುವೆ ಡಿಪಿಸಿ ಅನ್ನುವ ಪದರ, ನೆರೆಯ ಗೆರೆ ನೋಡಿ ಎತ್ತರ. ಇಷ್ಟನ್ನು ಎಸ್ಟಿಮೇಟ್‌ನಲ್ಲೇ ಬರೆಸಿ. ನೀವು ಬಂದು ನೋಡುವುದಾದರೆ ಬನ್ನಿ, ತೆಂಗಿನ ಮರ ಅಲ್ಲೇ ಇದೆ.

ನನ್ನ ತಮ್ಮ ಪಾಯ ತೋಡುವುದು ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ಬೇರೆ ಎಸ್ಟಿಮೇಟ್ ಬರಲಿ. ಬಾರದಿದ್ದರೆ ಮಣ್ಣು ಹೊತ್ತ ಬುಟ್ಟಿಗಳು ಕೊಟ್ಟಿಗೆಯಲ್ಲಿ ಹಾಗೇ ಇವೆ.

ಇಂತಿ,
ಗಂಗಾವಳಿ ದಂಡೆಯ ಒಬ್ಬ ಮತದಾರ