ರೆಗ್ಯುಲೇಟರ್ ಸರ್ವಿಸಿನಲ್ಲಿ ಆಗಿರುವ ಲೋಪದ ಬಗ್ಗೆ ದೂರು

ಇಂದ: ತಮ್ಮ ಗ್ರಾಹಕ, ಚಿಕ್ಕಮಗಳೂರು
ಗೆ: ವ್ಯವಸ್ಥಾಪಕರು, ಡೈವಿಂಗ್ ಉಪಕರಣಗಳ ಸರ್ವಿಸ್ ವಿಭಾಗ
ವಿಷಯ: ಪ್ರೆಶರ್ ಟ್ರಾನ್ಸ್‌ಮಿಟರ್ ಜೋಡಣೆಯಲ್ಲಿನ ಲೋಪ ಮತ್ತು ಹಣ ವಾಪಸಾತಿ

ಮಾನ್ಯರೇ,

ಕಳೆದ ತಿಂಗಳು, ನೀರೊಳಗೆ ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಒದಗಿಸುವ ನನ್ನ ಸ್ಕೂಬಾ ರೆಗ್ಯುಲೇಟರನ್ನು ವಾರ್ಷಿಕ ಸರ್ವಿಸಿಗೂ, ಸಿಲಿಂಡರಿನ ಒತ್ತಡವನ್ನು ತಂತಿಯಿಲ್ಲದೆ ಡೈವ್ ಕಂಪ್ಯೂಟರಿಗೆ ತಿಳಿಸುವ, ಹೊಸದಾಗಿ ಕೊಂಡ ಟ್ರಾನ್ಸ್‌ಮಿಟರನ್ನು ಅದಕ್ಕೆ ಜೋಡಿಸುವುದಕ್ಕೂ ಕೊರಿಯರ್ ಮೂಲಕ ತಮ್ಮಲ್ಲಿಗೆ ಕಳುಹಿಸಿದ್ದೆ. ಹೋಸ್ ತಪಾಸಣೆ, ಸೀಲ್ ಬದಲಾವಣೆ, ಟ್ರಾನ್ಸ್‌ಮಿಟರ್ ಜೋಡಣೆ, ಸೋರಿಕೆ ಪರೀಕ್ಷೆ ಎಂದು ನಾಲ್ಕು ಬಾಬ್ತು ನಮೂದಿಸಿದ ಬಿಲ್ಲಿನ ಪೂರ್ತಿ ಹಣ ಕಟ್ಟಿದ್ದೇನೆ. ಮನೆಯಲ್ಲಿ ತುಂಬಿದ ಸಿಲಿಂಡರ್ ಇಲ್ಲದ್ದರಿಂದ ಪರೀಕ್ಷಿಸಿ ನೋಡಲಾಗದೆ, ತಮ್ಮ ಬಿಲ್ಲನ್ನೇ ನಂಬಿ ಆಗುಂಬೆ ಘಾಟಿ ಇಳಿದು ಮುರ್ಡೇಶ್ವರಕ್ಕೆ ಹೋದೆ.

ನೇತ್ರಾಣಿ ದ್ವೀಪಕ್ಕೆ ಹೊರಟ ದೋಣಿಯಲ್ಲಿ ಸಿಲಿಂಡರಿನ ವಾಲ್ವ್ ತಿರುಗಿಸಿದ ಕೂಡಲೇ ಟ್ರಾನ್ಸ್‌ಮಿಟರಿನ ಬುಡದಿಂದ ಬುಸ್ಸೆಂದು ಗಾಳಿ ಹೊರಟಿತು. ವಾಲ್ವ್ ಮುಚ್ಚಿ, ಒತ್ತಡ ಇಳಿಸಿದ ಮೇಲೆ ತರಬೇತುದಾರರು ನನ್ನೆದುರೇ ಅದನ್ನು ಬಿಚ್ಚಿದರು. ಒಳಗಿದ್ದ ಓ-ರಿಂಗಿಗೆ (ಸೋರಿಕೆ ತಡೆಯುವ ರಬ್ಬರ್ ಬಳೆ) ಗ್ರೀಸಿನ ಪಸೆಯೂ ಇರಲಿಲ್ಲ. ಬೆರಳಲ್ಲಿ ಬಾಗಿಸಿದಾಗ ಒಂದು ಕಡೆ, ಕತ್ತರಿಸಿದ ಉಗುರಿನಂತೆ ಬಾಗಿದ ಸೀಳು ಬಾಯಿ ಬಿಟ್ಟಿತು. ಟ್ರಾನ್ಸ್‌ಮಿಟರಿನ ಪ್ಲಾಸ್ಟಿಕ್ ಮೈಮೇಲೆ ಇಕ್ಕಳದ ಹಲ್ಲು ಕಚ್ಚಿದ ಎರಡು ಸಾಲು ಗುರುತುಗಳಿದ್ದವು. ಮೊದಲು ಕೈಯಿಂದಲೇ ಪೂರ್ತಿ ತಿರುಗಿಸಿ, ಆಮೇಲೆ ಬುಡದಲ್ಲಿರುವ ಲೋಹದ ನಟ್ಟಿನಂಥ ಭಾಗಕ್ಕೆ ಸ್ಪ್ಯಾನರ್ ಹಾಕಿ ತುಸು ಬಿಗಿ ಮಾಡಿದರೆ ಸಾಕಾಗುವ ಕೆಲಸವಿದು. ಗಾಳಿಯನ್ನು ತಡೆಯುವುದು ಓ-ರಿಂಗೇ ಹೊರತು ತೋಳಿನ ಬಲವಲ್ಲ ಎಂಬುದು ಸರ್ವಿಸ್ ಮಾಡುವವರಿಗೆ ತಿಳಿಯದ್ದೇನಲ್ಲ.

ಫೋನಿನಲ್ಲಿ ತಮ್ಮ ಸಿಬ್ಬಂದಿ ಇದನ್ನು ಸಣ್ಣ ವಿಷಯವೆಂದರು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಯಂತ್ರದ ವಾಷರ್ ಹೋದರೆ ನನಗೂ ಅದು ಸಣ್ಣ ವಿಷಯವೇ. ಆದರೆ ಟ್ರಾನ್ಸ್‌ಮಿಟರ್ ಕೂರುವ ಹೈ ಪ್ರೆಶರ್ ಪೋರ್ಟಿನಲ್ಲಿರುವುದು ಉಸಿರಾಡುವ ಹೋಸಿಗೆ ಬರುವಂತೆ 10 ಬಾರ್ (ಒತ್ತಡದ ಅಳತೆ) ಆಸುಪಾಸಿನ ಒತ್ತಡವಲ್ಲ, ಸಿಲಿಂಡರಿನ ಪೂರ್ತಿ ಒತ್ತಡ, ತುಂಬಿದಾಗ ಸುಮಾರು 200 ಬಾರ್. ಒತ್ತಡ ತೋರಿಸುವ ಗೇಜಿನ ಹೋಸ್ ಒಡೆದರೂ ಅದರ ಬುಡದಲ್ಲಿರುವ ಸೂಜಿಮೊನೆಯಷ್ಟು ರಂಧ್ರ ಗಾಳಿ ಒಮ್ಮೆಗೇ ನುಗ್ಗದಂತೆ ತಡೆಯುತ್ತದೆ. ಪೋರ್ಟಿನ ಬಾಯಲ್ಲೇ ಕೂರುವ ಈ ರಿಂಗಿಗೆ ಹೋಸಿನ ಆ ರಕ್ಷಣೆ ಸಿಗದು. ನೀರೊಳಗೆ ಆಗಬಹುದಾಗಿದ್ದದ್ದು ದೋಣಿಯ ಮೇಲೇ ಆದದ್ದು ನನ್ನ ಪುಣ್ಯ.

ಊರಿಗೆ ಮರಳಿದ ಮೇಲೆ ಅನುಮಾನ ಬಂದು ಗೇಜಿನ ಹೋಸಿನ ತುದಿಯಲ್ಲಿರುವ ರಬ್ಬರ್ ಕವಚವನ್ನು ಹಿಂದೆ ಸರಿಸಿ ನೋಡಿದೆ. ಲೋಹದ ಕಟ್ಟಿನ ಪಕ್ಕದಲ್ಲೇ ಬಿರುಕುಗಳಿದ್ದವು, ಕವಚದೊಳಗೆ ಕಳೆದ ವರ್ಷದ ಉಪ್ಪು ಬಿಳಿಯಾಗಿ ಗಟ್ಟಿಕಟ್ಟಿತ್ತು. ತಪಾಸಣೆ ಮಾಡಿದವರು ಕವಚವನ್ನು ಒಮ್ಮೆಯಾದರೂ ಸರಿಸಿದ್ದರೆ ಆ ಉಪ್ಪು ಅಲ್ಲಿ ಉಳಿಯುತ್ತಿರಲಿಲ್ಲ.

ಗ್ರಾಹಕರೇ ಬಿಚ್ಚಿರಬೇಕೆಂಬ ತಮ್ಮವರ ಮಾತನ್ನು ನಾನು ಒಪ್ಪುವುದಿಲ್ಲ. ತಾವು ಮೊಹರು ಹಾಕಿದ ಪ್ಲಾಸ್ಟಿಕ್ ಚೀಲವನ್ನು ಒಡೆದದ್ದೇ ದೋಣಿಯಲ್ಲಿ, ನಾಲ್ವರ ಮುಂದೆ. ಆದ್ದರಿಂದ ಸರ್ವಿಸಿನ ಹಣವನ್ನು ಹಿಂತಿರುಗಿಸಿ, ಗಾಯಗೊಂಡ ಟ್ರಾನ್ಸ್‌ಮಿಟರಿನ ಬದಲು ಹೊಸದನ್ನೂ ಹೊಸ ಗೇಜ್ ಹೋಸನ್ನೂ ತಮ್ಮ ಖರ್ಚಿನಲ್ಲಿ ಹಾಕಿಕೊಡಬೇಕು. ಹೋಸ್ ಮತ್ತು ಗೇಜ್ ಕೂಡುವಲ್ಲಿ ಸ್ಪೂಲಿಗಿರುವ (ನಡುವೆ ಕೂರುವ ಪುಟ್ಟ ಕೊಳವೆ) ಎರಡು ಪುಟ್ಟ ಓ-ರಿಂಗುಗಳನ್ನೂ ಬದಲಿಸಿ, ತೆಗೆದ ಹಳೆಯ ಭಾಗಗಳನ್ನು ನನಗೆ ಕಳುಹಿಸಿಕೊಡಬೇಕು ಎಂದು ಕೋರುತ್ತೇನೆ.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಸೀಳಿದ ರಿಂಗು ಲಕೋಟೆಯಲ್ಲಿ ನನ್ನ ಬಳಿಯೇ ಇದೆ; ಅದರ ಫೋಟೊ ಮತ್ತು ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕ
ಚಿಕ್ಕಮಗಳೂರು